ರೆಪ್ಪೆಯಕ್ಕನ ಗಿಳಿ

ಸ್ಟುಡಿಯೋದ ಮೇಲಂತಸ್ತಿನಲ್ಲಿ ಕೂತು ಫೋಟೋ ತಿದ್ದುತ್ತಿದ್ದ ಆಕೆಗೆ ರೆಪ್ಪೆಯಕ್ಕ ಎಂಬ ಹೆಸರು ಬಂದದ್ದು ಕಸುಬಿನಿಂದಲೇ. ಗುಂಪಿನ ಫೋಟೋ ಎಂದಮೇಲೆ ಒಬ್ಬರಾದರೂ ಕಣ್ಣು ಮುಚ್ಚಿಯೇ ಇರುತ್ತಾರೆ. ಅದನ್ನು ತೆರೆಸುವುದು ಆಕೆಯ ಕೆಲಸ. ಮೊದಲೆಲ್ಲ ನಾಲ್ಕೇ ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಅಚ್ಚಾದ ಫೋಟೋದ ಮೇಲೆಯೇ ಕಣ್ಣು ಬರೆಯುತ್ತಿದ್ದಳು. ನಡುವೆ ಒಂದು ಸೀನು ಬಂದರೆ ಮುಗಿಯಿತು, ಯಾರೋ ಗೌರವಸ್ಥರಿಗೆ ಮೆಳ್ಳೆಗಣ್ಣು.

ಆಕೆಗೆ ನಲವತ್ತು ದಾಟಿದ ಮೇಲೆ, ಸ್ಟುಡಿಯೋ ನಡೆಸುತ್ತಿದ್ದ ಅಣ್ಣ ಕಂಪ್ಯೂಟರ್ ತಂದ. ಜೊತೆಗೆ ಚಿತ್ರ ತಿದ್ದುವ ಒಂದು ಪ್ರೋಗ್ರಾಂ. ಅದರ ಗುರುತು ಹಸಿರು ಗಿಳಿ. ಉದ್ದನೆಯ ಹೆಸರು ಯಾರ ನಾಲಿಗೆಗೂ ಹೊರಳದೆ ಎಲ್ಲರೂ ಗಿಳಿ ಎಂದೇ ಕರೆದರು.

"ನನ್ನ ಕೈಲಿ ಆಗಲ್ಲಣ್ಣ. ಮುಟ್ಟಿದ್ರೆ ಏನಾದ್ರೂ ಹಾಳಾಗುತ್ತೆ."

"ಹಾಳಾದ್ರೆ ಈ ಗುಂಡಿ ಒತ್ತು. ತಪ್ಪು ಮಾಡೇ ಇಲ್ಲ ಅನ್ನೋ ಹಾಗಾಗುತ್ತೆ."

ಹುಟ್ಟಿದಾಗಿನಿಂದ ಆಕೆಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ಅಂದು ಇಡೀ ದಿನ ಬೇಕೆಂದೇ ತಪ್ಪು ಮಾಡಿದಳು, ಗುಂಡಿ ಒತ್ತಿದಳು, ಒಬ್ಬಳೇ ನಕ್ಕಳು. ಮೂರು ತಿಂಗಳಲ್ಲಿ ಕೈ ಕುದುರಿತು. ಗಿಳಿಯಲ್ಲಿ ಚಿತ್ರವನ್ನು ಪದರ ಪದರವಾಗಿ ಇಡಬಹುದಿತ್ತು: ಅಡಿಯಲ್ಲಿ ಮೂಲ ಫೋಟೋ, ಮೇಲೆ ಗಾಜು ಹಾಸಿದಂತೆ ತಿದ್ದುಪಡಿ.

ಆಕೆಯ ಹೆಸರು ಮೆರೆದದ್ದು ಒಂದು ಶಾಲೆಯ ಫೋಟೋದಿಂದ. ತೆಗೆದ ಆರು ಫೋಟೋಗಳಲ್ಲೂ ಹೆಡ್ ಮೇಷ್ಟ್ರು ಕಣ್ಣು ಮುಚ್ಚಿದ್ದರು. ಆಕೆ ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರ ಕಣ್ಣುಗಳನ್ನು ಎರವಲು ತಂದು ಕೂರಿಸಿದಳು. "ಇದೇ ಮೊದಲ ಸಲ ನಾನು ಇದ್ದ ಹಾಗೇ ಬಂದಿದೀನಿ" ಎಂದು ಹೆಡ್ ಮೇಷ್ಟ್ರು ಅದನ್ನು ದೊಡ್ಡದು ಮಾಡಿಸಿ ತಮ್ಮ ಕೋಣೆಯ ಗೋಡೆಗೆ ಹಾಕಿಸಿದರು. ಗಣಿತದ ಮೇಷ್ಟ್ರ ಹೆಂಡತಿ ಮಾತ್ರ ಆ ಕೋಣೆಗೆ ಹೋಗಲು ಹಿಂಜರಿಯುತ್ತಿದ್ದಳಂತೆ. "ಫೋಟೋದಲ್ಲಿ ಅವರು ನಮ್ಮೆಜಮಾನ್ರ ಹಾಗೇ ನನ್ನ ನೋಡ್ತಾರೆ" ಎಂಬುದು ಆಕೆಯ ದೂರು.

ಆಮೇಲೆ ಬೀದಿಯಲ್ಲೆಲ್ಲ ಗಿಳಿಯದೇ ರಾಜ್ಯ. ಮುದ್ರಣಾಲಯದವರು, ಬೋರ್ಡು ಬರೆಯುವವರು, ಹೂವಿನಂಗಡಿಯವನು, ಎಲ್ಲರೂ ಕಲಿಯಲು ಬಂದರು. ಶನಿವಾರದ ಪಾಠಕ್ಕೆ ಎಂಟು ಸ್ಟೂಲು ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂರುತ್ತಿದ್ದರು.

ಗಿಳಿಯ ಹೊಸ ಆವೃತ್ತಿ ವರ್ಷಕ್ಕೊಂದು ಬರುತ್ತಿತ್ತು. ಒಂದು ವರ್ಷ ಬರಲಿಲ್ಲ. ಯಾವುದೋ ದೊಡ್ಡ ಕಂಪನಿ ಗಿಳಿಯ ಕಂಪನಿಯನ್ನು ಕೊಂಡು, ತನ್ನದೇ ಪ್ರೋಗ್ರಾಂ ಇರುವಾಗ ಇದೇಕೆಂದು ನಿಲ್ಲಿಸಿಬಿಟ್ಟಿತ್ತು. ಊರಿನವರ ಕಣ್ಣು ತೆರೆಸಿದ ಗಿಳಿಯೇ ಕಣ್ಣು ಮುಚ್ಚಿತು. ಸ್ಟೂಲುಗಳು ಒಂದೊಂದಾಗಿ ಖಾಲಿಯಾದವು. ಅಣ್ಣ ತಂದ ಹೊಸ ಕಂಪ್ಯೂಟರಿನಲ್ಲಿ ಗಿಳಿ ಓಡಲೇ ಇಲ್ಲ. ಅದರಲ್ಲಿದ್ದ ಹೊಸ ಪ್ರೋಗ್ರಾಂ ಒಂದೇ ಏಟಿಗೆ ತಾನಾಗಿಯೇ ಎಲ್ಲರ ಕಣ್ಣು ತೆರೆಸುತ್ತಿತ್ತು.

"ಯಾರನ್ನೂ ಕೇಳ್ದೆ ಎಲ್ಲಿಂದಲೋ ಕಣ್ಣು ತಂದು ಹಾಕುತ್ತಲ್ಲ, ಮಾನ ಮರ್ಯಾದೆ ಇದೆಯಾ ಇದಕ್ಕೆ?" ಎಂದು ಆಕೆ ಮೂಗು ಮುರಿದಳು.

"ನೀನು ಗಣಿತದ ಮೇಷ್ಟ್ರನ್ನ ಕೇಳಿದ್ಯಾ?" ಎಂದ ಅಣ್ಣ.

ಎರಡು ದಿನ ಆಕೆ ಅಣ್ಣನೊಡನೆ ಮಾತು ಬಿಟ್ಟಳು.

ಹೀಗಿರುವಾಗ ಎದುರು ಅಂಗಡಿಯಲ್ಲಿ ಬಟ್ಟೆ ಹೊಲಿಯುವವಳು ಒಂದು ಫೋಟೋ ಹಿಡಿದು ಬಂದಳು. "ಅಕ್ಕಾ, ಅಮ್ಮನ ಫೋಟೋದಲ್ಲಿ ನೀವೇ ಕಣ್ಣು ತೆರೆಸಿದ್ರಿ. ಚೆನ್ನಾಗೇ ಇದೆ, ತಪ್ಪು ತಿಳೀಬೇಡಿ. ಆದ್ರೆ ಅಮ್ಮ ನಕ್ರೆ ಕಣ್ಣು ಪೂರ್ತಿ ಮುಚ್ಚಿಹೋಗ್ತಿತ್ತು. ಈಗ ಅಮ್ಮ ಇಲ್ಲ. ಮೊದಲಿನದು ಸಿಗುತ್ತಾ?"

ಇಷ್ಟು ವರ್ಷದಲ್ಲಿ ತೆರೆದ ಕಣ್ಣು ಮುಚ್ಚಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಗಿಳಿಯಲ್ಲಿ ಮಾಡಿದ ಫೈಲು ಸಿಕ್ಕಿತು. ಹೊಸ ಪ್ರೋಗ್ರಾಂ ಮಾತ್ರ ಇದು ಯಾವ ಜಾತಿಯ ಫೈಲೋ ತಿಳಿಯದು ಎಂದು ಕೈಚೆಲ್ಲಿತು. ರೆಪ್ಪೆಯಕ್ಕ ಮುರಿದ ಕುರ್ಚಿಗಳ ಹಿಂದೆ ಬಿದ್ದಿದ್ದ ಹಳೆಯ ಕಂಪ್ಯೂಟರನ್ನು ಎಳೆದು, ಧೂಳು ಕೊಡವಿ ಸ್ವಿಚ್ಚು ಹಾಕಿದಳು. ಅದು ಕೆಮ್ಮಿತು, ಗೊರಗುಟ್ಟಿತು, ಕಾಲು ಗಂಟೆಯ ಮೇಲೆ ಗಿಳಿ ಕಾಣಿಸಿತು. ಆಕೆ ಮೇಲಿನ ಪದರ ತೆಗೆದಳು. ಅಡಿಯಲ್ಲಿ ಆ ತಾಯಿ ಕಣ್ಣೆಲ್ಲ ಮುಚ್ಚಿ, ಮುಖವೆಲ್ಲ ಬಾಯಾಗಿ ನಗುತ್ತಿದ್ದಳು.

ಹೊಲಿಯುವವಳು ಅತ್ತಳು, ಆಮೇಲೆ ನಕ್ಕಳು. ನಗುವಾಗ ಅವಳ ಕಣ್ಣೂ ಪೂರ್ತಿ ಮುಚ್ಚಿಹೋಯಿತು. ಇಷ್ಟು ಚೆಂದದ್ದನ್ನು ತಾನೇ ಮುಚ್ಚಿಟ್ಟಿದ್ದೆನಲ್ಲ ಎಂದು ರೆಪ್ಪೆಯಕ್ಕನಿಗೆ ಕಸಿವಿಸಿಯಾಯಿತು.

ಮರುದಿನದಿಂದ ಮಧ್ಯಾಹ್ನವೆಲ್ಲ ಆಕೆ ಹಳೆಯ ಫೈಲುಗಳ ಅಡಿಯ ಪದರವನ್ನು ಒಂದೊಂದಾಗಿ ಹೊರತೆಗೆದು, ಎಲ್ಲ ಕಂಪ್ಯೂಟರಿಗೂ ತಿಳಿಯುವ ಹಾಗೆ ಉಳಿಸತೊಡಗಿದಳು. ಯಂತ್ರ ಬಿಸಿಯಾದರೆ ನಿಂತುಬಿಡುತ್ತಿತ್ತು. ತನ್ನ ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ತಾನು ಬೆವರಿದಳು. ಎಂಟು ತಿಂಗಳ ಮೇಲೆ ಅದು ಪೂರ್ತಿ ಕೆಟ್ಟಿತು. ಅರವತ್ತು ಫೈಲು ಹೊರತೆಗೆಯದೆ ಅದರೊಳಗೇ ಉಳಿದುಹೋದವು. ರಿಪೇರಿಯವನು ಬಿಚ್ಚಿ ನೋಡಿ, "ಈ ಭಾಗ ಈಗ ಯಾರೂ ಮಾಡಲ್ಲಮ್ಮ" ಎಂದ.

ಆಕೆ ಹೊಸ ಪ್ರೋಗ್ರಾಂ ಕಲಿತಳು, ಗೊಣಗುತ್ತಲೇ ಕಲಿತಳು. ಈಗ ಗಿರಾಕಿ ಬಂದರೆ, "ತೆರೆಸ್ಲಾ, ಹಾಗೇ ಬಿಡ್ಲಾ?" ಎಂದು ಕೇಳುತ್ತಾಳೆ. ಹೆಚ್ಚಿನವರು ತೆರೆಸಿ ಎನ್ನುತ್ತಾರೆ. ಆಕೆ ತೆರೆಸುತ್ತಾಳೆ, ತೆರೆಸದ ಪ್ರತಿಯನ್ನೂ ಬೇರೆ ಲಕೋಟೆಯಲ್ಲಿ ಹಾಕಿ, ಬೇಡವೆಂದರೂ ಕೈಗಿಡುತ್ತಾಳೆ.