ವಸಂತಿಯಕ್ಕನ ಮರುತರಬೇತಿ

ವಡೋದರಾದ ಅಲ್ಕಾಪುರಿಯಲ್ಲಿರುವ ನಮ್ಮ ಹೋಟೆಲಿಗೆ ಊಟಕ್ಕೆ ಬರುವ, ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವ ನಮ್ಮೂರ ಕಡೆಯ ವಸಂತಿಯಕ್ಕನಿಗೆ ತುರ್ತು ಚಿಕಿತ್ಸೆಯ ಮರುತರಬೇತಿ ಎಂದರೆ ಹಬ್ಬ. ತರಗತಿ ಮುಗಿಸಿ ಬಂದ ದಿನ ಸಾಂಬಾರು ಆರಿದರೂ ಲೆಕ್ಕಿಸದೆ, ಸಪ್ಲಾಯರ್‌ಗಳನ್ನು ನೆಲದ ಮೇಲೆ ಮಲಗಿಸಿ ಕಲಿತದ್ದನ್ನೆಲ್ಲ ತೋರಿಸುತ್ತಾಳೆ. ಯಾರೂ ಸಿಗದಿದ್ದರೆ ಅಕ್ಕಿಮೂಟೆಯೇ ರೋಗಿ. “ಇಷ್ಟು ವರ್ಷ ಸರ್ವೀಸಾಯ್ತು, ಇನ್ನೂ ಎಂಥ ಕಲಿಯುದುಂಟು ಮಾರಾಯ್ತಿ?” ಎಂದು ಅಪ್ಪ ನಗುತ್ತಿದ್ದರು. ಹೋದ ತಿಂಗಳು ಗಲ್ಲಾದ ಮುಂದೆ ಕೂತಿದ್ದ ಅಪ್ಪನೇ ಉಸಿರು ನಿಂತು ಕುಸಿದರು. ಊಟ ಬಿಟ್ಟು ಎದ್ದ ವಸಂತಿಯಕ್ಕ ಒಂದೇ ಸಮನೆ ಎದೆಯೊತ್ತಿ ಅವರನ್ನು ಉಳಿಸಿಕೊಟ್ಟಳು. ಆಸ್ಪತ್ರೆಯಲ್ಲಿ ಅಪ್ಪ ಕಣ್ಣು ತೆರೆದ ಮೇಲೆ ಅಮ್ಮ ಅವಳ ಕೈ ಹಿಡಿದುಕೊಂಡರು. ವಸಂತಿಯಕ್ಕ ಅಮ್ಮನ ಹಿಡಿತದಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. “ನಂಗೆ ಪ್ರತಿ ಸಲವೂ ಹೆದರಿಕೆ ಆಗ್ತದೆ ಅಕ್ಕ. ತಲೆ ಮರೆತರೂ ಕೈ ಮರೀಬಾರ್ದು ಅಂತ ಪುನಃ ಪುನಃ ಕ್ಲಾಸಿಗೆ ಹೋಗುದು,” ಎಂದಳು. ಅಮ್ಮ ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡರು.