ಚಿಕ್ಕವ್ವ ಹೊರಟ ದಿನ ಅಪ್ಪ ರಿಪೇರಿ ಮಾಡಿದ ವ್ಯಾನು

ಇವತ್ತು ಮೈಲೂರಿನ ಗ್ಯಾರೇಜೊಂದರ ಮುಂದೆ ಪೆಟ್ರೋಲಿನಲ್ಲಿ ತೊಳೆದ ಮಸಿಯ ವಾಸನೆ ಬಂತು. ಸಂತಪುರದ ನಮ್ಮ ಅಂಗಳ ಕಣ್ಮುಂದೆ ನಿಂತಿತು.

ಬಾವಿ ಬತ್ತಿದ ಆ ಬೇಸಿಗೆಯಲ್ಲಿ ಅವ್ವನ ತಂಗಿ ಶಾಂತಾ ಚಿಕ್ಕವ್ವ ಗಂಡನೊಂದಿಗೆ ಪುಣೆಗೆ ಕೂಲಿಗೆ ಹೊರಟಿದ್ದಳು. ಭಾಲ್ಕಿಯಲ್ಲಿ ರೈಲು ಹಿಡಿಯಬೇಕಿತ್ತು. ಅಪ್ಪನ ಹಳೆಯ ವ್ಯಾನು ಶುರುವಾದೊಡನೆ ನಡುಗಿ ಆರಿಹೋಗುತ್ತಿತ್ತು.

“ಎಲ್ಲೋ ಗಾಳಿ ಎಳಕೋತದ,” ಎಂದು ಅಪ್ಪ ಇಂಜಿನ್ನಿಗೆ ಕಿವಿಗೊಟ್ಟ. ಇಂಜಿನ್ನಿಗೆ ಗಾಳಿ ಹೋಗುವ ಬಾಯಿಯಾದ ಥ್ರಾಟಲ್ ಬಾಡಿಯ ಸಣ್ಣ ನಳಿಕೆಗೆ ಸಿಕ್ಕಿಸಿದ್ದ ವ್ಯಾಕ್ಯೂಮ್ ಪೈಪ್ ಎಂಬ ರಬ್ಬರ್ ಕೊಳವೆಯ ತುದಿ ಸೀಳಿತ್ತು. ಸೀಳಿದಷ್ಟನ್ನು ಕತ್ತರಿಸಿ, ನಳಿಕೆಯ ಮಸಿ ತೊಳೆದು, ಪೈಪನ್ನು ಬಿಗಿಯಾಗಿ ಕೂಡಿಸಿದ. ಇಂಜಿನ್ ಒಂದೇ ಸಮನೆ ಓಡತೊಡಗಿತು.

ಅವ್ವನ ಕಣ್ಣು ತುಂಬಿತು. “ಇಷ್ಟ ಲಗೂ ಯಾಕ ರಿಪೇರಿ ಮಾಡಿದ್ರಿ? ಇವತ್ತೊಂದಿನ ಆಕಿ ಇಲ್ಲೇ ಇರ್ತಿದ್ಲಲ್ರೀ.”

“ಮಳಿ ಬಿದ್ದ ಕೂಡ್ಲೆ ಬರ್ತೇನಿ ಅಕ್ಕಾ,” ಎಂದು ಚಿಕ್ಕವ್ವ ವ್ಯಾನು ಹತ್ತಿದಳು.

ಮಳೆಗೆ ಮೊದಲೇ, ಅವಳು ಇಟ್ಟಿಗೆ ಹೊರುತ್ತಿದ್ದ ಕಟ್ಟಡದ ಗೋಡೆ ಕುಸಿದು ತೀರಿಕೊಂಡಳು. ಅವ್ವ ಅಪ್ಪನನ್ನು ಎಂದೂ ದೂರಲಿಲ್ಲ. ಅಪ್ಪನೇ ಈಗಲೂ ಒಮ್ಮೊಮ್ಮೆ ಊಟದ ನಡುವೆ ಕೈ ನಿಲ್ಲಿಸಿ ಕೇಳುತ್ತಾನೆ: “ನಾ ತಡಾ ಮಾಡಿದ್ರ ಆಕಿ ಉಳೀತಿದ್ಲೇನ?”

“ರೊಟ್ಟಿ ಆರ್ತಾವ, ಉಣ್ರಿ,” ಎನ್ನುತ್ತಾಳೆ ಅವ್ವ.