ಕೀಲಿ ಹಾಕಿದ ಎಸ್‌ಟಿಡಿ

ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದ ವರ್ಷ. ಮೊಬೈಲ್ ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಖಾಸಗಿ ಫೋನ್ ಬೂತ್‌ಗಳಲ್ಲಿ ದೂರದೂರಿಗೆ ಕರೆ ಸರಿಯಾಗಿ ಹೋಗುತ್ತದೆಯೇ, ಕೇಳಿದವರಿಗೆಲ್ಲ ಸಿಗುತ್ತದೆಯೇ ಎಂದು ದೂರವಾಣಿ ಇಲಾಖೆಗಾಗಿ ಪರೀಕ್ಷಿಸುವ ತಾತ್ಕಾಲಿಕ ಕೆಲಸ ಸಿಕ್ಕಿತು. ಗಿರಾಕಿಯಂತೆ ಹೋಗಬೇಕು, ಗುಲಬರ್ಗಾದಲ್ಲಿದ್ದ ನಮ್ಮ ಸಾಹೇಬರಿಗೆ ಫೋನ್ ಮಾಡಬೇಕು, ಬಂದ ಕಾರಣ ಯಾರಿಗೂ ಹೇಳಬಾರದು. ಕಡಿಮೆ ಮಾತಿನ ನನಗೆ ಹೇಳಿ ಮಾಡಿಸಿದ ಕೆಲಸ ಅನಿಸಿತ್ತು.

ಸುರಪುರದ ಬಸ್ ನಿಲ್ದಾಣದ ಬಳಿ ಶರಣಪ್ಪನವರ ಕಿರಾಣಿ ಅಂಗಡಿ. ಅಲ್ಲಿ ಎಸ್‌ಟಿಡಿ ಫೋನು ಮರದ ಪೆಟ್ಟಿಗೆಯೊಳಗಿತ್ತು. ಪೆಟ್ಟಿಗೆಗೆ ಕೀಲಿ.

"ಯಾರಿಗ್ರಿ? ಏನ್ ವಿಷಯ?" ಎಂದರು ಶರಣಪ್ಪ.

"ಸ್ವಂತ ವಿಷಯ."

"ಸ್ವಂತದ್ದಿದ್ರ ಪತ್ರ ಬರೀರಿ. ಯಾರರ ಸತ್ತಿರಬೇಕು, ಇಲ್ಲಾ ಹುಟ್ಟಿರಬೇಕು, ಅಂದ್ರನ ಕೀಲಿ ತಗೀತೀನಿ. ಹರಟಿ ಹೊಡ್ಯೋರಿಗಿ ಕೊಟ್ಟು ಕುಂತ್ರ, ದವಾಖಾನಿಗಿ ಫೋನ್ ಹಚ್ಚೋರು ಎಲ್ಲಿಗಿ ಹೋಗಬೇಕ್ರಿ?"

ಯಾರನ್ನೂ ಸಾಯಿಸಲು ಮನಸ್ಸಾಗಲಿಲ್ಲ. "ಅಕ್ಕನಿಗೆ ಹೆರಿಗೆ," ಎಂದುಬಿಟ್ಟೆ. ಅಕ್ಕನಿಗೆ ಆಗಿನ್ನೂ ಮದುವೆಯೇ ಆಗಿರಲಿಲ್ಲ.

ತಕ್ಷಣ ಕೀಲಿ ತೆರೆಯಿತು. ಶರಣಪ್ಪನವರ ಹೆಂಡತಿ ಈರಮ್ಮ ಒಳಗಿನಿಂದ ಓಡಿಬಂದರು. ಬೆಲ್ಲ ಕೊಳ್ಳುತ್ತಿದ್ದ ಹುಣಸಗಿಯ ರೈತರೊಬ್ಬರು ಅಲ್ಲೇ ನಿಂತರು. "ಎಲ್ಲಾರೂ ಕೇಳಲಿ," ಎಂದು ಶರಣಪ್ಪ ಸ್ಪೀಕರ್ ಒತ್ತಿದರು.

"ಹಲೋ" ಎಂದರು ಸಾಹೇಬರು. ನಾನು ಕಣ್ಣು ಮುಚ್ಚಿ, "ಭಾವಾ, ಅಕ್ಕನಿಗೆ ಹೆರಿಗೆ ಆಯ್ತಾ?" ಎಂದೆ.

ನನ್ನ ಕೆಲಸ ಹೋಯಿತೆಂದುಕೊಂಡೆ. ಆಮೇಲೆ ಕಚೇರಿಯ ಅದೇ ಗಂಭೀರ ದನಿ: "ಆಗಿದೆ. ಹೆಣ್ಣು."

"ತೂಕ ಎಷ್ಟದರಿ?" ಈರಮ್ಮ ಕೂಗಿದರು.

"ಮೂರು ಕಿಲೋ ಇನ್ನೂರು ಗ್ರಾಂ. ಲೈನ್ ಸ್ಪಷ್ಟವಾಗಿದೆ," ಎಂದು ಸಾಹೇಬರು ಫೋನ್ ಇಟ್ಟರು.

ಈರಮ್ಮ ನನ್ನ ಬಾಯಿಗೆ ಸಕ್ಕರೆ ಹಾಕಿದರು. ನನ್ನ ಚೀಲದಲ್ಲಿದ್ದ ನಮೂನೆಯಲ್ಲಿ ಇದ್ದದ್ದು ಎರಡೇ ಉತ್ತರ: ಎಲ್ಲರಿಗೂ ಕರೆ ಸಿಗುತ್ತದೆ, ಸಿಗುವುದಿಲ್ಲ. 'ಸಿಗುವುದಿಲ್ಲ' ಎಂದು ಬರೆದರೆ ಅವರ ಲೈನ್ ಕಟ್. ಅವರ ಸಕ್ಕರೆ ತಿಂದು ಹಾಗೆ ಬರೆಯುವುದು ಹೇಗೆ? ನಿಯಮ ಮುರಿದು, ಕೀಲಿ ಇದ್ದರೆ ಲೈನ್ ಹೋಗುತ್ತದೆಂಬುದನ್ನೂ ಸೇರಿಸಿ, ನಿಜ ಹೇಳಿಬಿಟ್ಟೆ.

ಶರಣಪ್ಪ ಬೆರಗಾಗಿ, "ಏ, ಕೂಸು ಹುಟ್ಟಿಲ್ಲಂತ ನೋಡ!" ಎಂದರು.

"ಹುಟ್ಟಿಲ್ಲಂದ್ರ ಹ್ಯಾಂಗ? ತೂಕ ಸೈತ ಹೇಳ್ಯಾರಲ್ಲ!" ಎಂದರು ಈರಮ್ಮ.

ಶರಣಪ್ಪ ಗೊಣಗುತ್ತಲೇ ಪೆಟ್ಟಿಗೆಯನ್ನು ಕಿತ್ತಿಟ್ಟರು. ಹುಣಸಗಿಯ ರೈತರು ಕೂಡಲೇ ರಾಯಚೂರಿನ ಅಳಿಯನಿಗೆ ಹಚ್ಚಿ, "ಏನಿಲ್ಲೋ, ಸುಮ್ನ ಹಚ್ಚೀನಿ," ಎಂದು ಮಾತಿಗೆ ಕುಳಿತರು. ಶರಣಪ್ಪನವರಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ನಾನು 'ಸಿಗುತ್ತದೆ' ಎಂದು ಬರೆದೆ.

ಆ ಕೀಲಿ ತೆಗೆಸಿದ್ದು ಸರಿಯೋ ತಪ್ಪೋ, ಇಂದಿಗೂ ನನಗೆ ತಿಳಿಯದು. ಆದರೆ ಗುರುತಿಲ್ಲದ ಹುಡುಗಿಯೊಬ್ಬಳ ಅಕ್ಕನಿಗಾಗಿ ಅವರು ಪಟ್ಟ ಸಂತೋಷ ಮಾತ್ರ ಸುಳ್ಳಲ್ಲ. ಮನೆಯ ಸುದ್ದಿಯನ್ನು ಯಾರಿಗೂ ಹೇಳದ ನಾನು, ಎರಡು ವರ್ಷದ ನಂತರ ಅಕ್ಕನಿಗೆ ಮಗು ಹುಟ್ಟಿದ ದಿನ ಮೊದಲು ಫೋನ್ ಮಾಡಿದ್ದು ಸುರಪುರದ ಆ ಅಂಗಡಿಗೆ. ಈರಮ್ಮ ಎತ್ತಿದರು. ಹೇಳಿದೆ.

"ಈ ಸರ್ತಿ ಖರೇನೇನ್ರಿ?"